ಓದು ಬೇರೆ, ಸನ್ಮಾನ ಬೇರೆ

2024ರ ಜುಲೈನಲ್ಲಿ ಕೆನಡಾದ ಒಂದು ಮನೆಯ ನೋವು ಪತ್ರಿಕೆಗೆ ಬಂತು. ಕಥೆಗಾರ್ತಿ ಆಲಿಸ್ ಮನ್ರೋ ತೀರಿಕೊಂಡು ಎರಡು ತಿಂಗಳೂ ಆಗಿರಲಿಲ್ಲ. ಅವರ ಕಿರಿಯ ಮಗಳು ಆಂಡ್ರಿಯಾ ಸ್ಕಿನ್ನರ್ ‘ಟೊರೊಂಟೊ ಸ್ಟಾರ್’ನಲ್ಲಿ ತಮ್ಮ ಕಥೆ ಬರೆದರು. 1976ರಲ್ಲಿ, ಅವರಿಗೆ ಒಂಬತ್ತು ವರ್ಷವಾಗಿದ್ದಾಗ, ಮಲತಂದೆ ಅವರ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ. 1992ರಲ್ಲಿ ಅವರು ತಾಯಿಗೆ ಪತ್ರ ಬರೆದು ತಿಳಿಸಿದರು. ಕೆಲಕಾಲ ಗಂಡನನ್ನು ಬಿಟ್ಟಿದ್ದ ತಾಯಿ ಮತ್ತೆ ಅವನ ಬಳಿಗೇ ಹೋದರು. 2005ರಲ್ಲಿ ಅವನು ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡ ಮೇಲೂ, ಅವನು ಸಾಯುವವರೆಗೂ, ಜೊತೆಗೇ ಉಳಿದರು. ಹೆಣ್ಣುಮಕ್ಕಳ ಒಳಗುದಿಯನ್ನು ಬರೆದು 2013ರ ನೊಬೆಲ್ ಪಡೆದ ಲೇಖಕಿ ತನ್ನ ಮಗಳ ಕೂಗಿಗೆ ಕಿವಿಗೊಡಲಿಲ್ಲ.

ಇದನ್ನು ಓದಿದವರಿಗೆ ಸಂಕಟವಾಗದೆ ಇರದು. ಆ ಸಂಕಟದಲ್ಲಿ ಹಲವರು ಒಂದು ತೀರ್ಮಾನಕ್ಕೆ ಬಂದಿದ್ದಾರೆ: ಬರೆದವರ ನಡತೆ ಕೆಟ್ಟದ್ದೆಂದು ತಿಳಿದ ಮೇಲೆ ಅವರ ಕಥೆಯನ್ನು ಸವಿಯುವುದೂ ತಪ್ಪು, ಆ ಪುಸ್ತಕಗಳು ಕಪಾಟಿನಿಂದ ಇಳಿಯಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಯ ಓದುಗರ ನಡುವೆಯೂ ಈ ಮಾತು ಕೇಳಿಬರುತ್ತಿದೆ. ಇದು ಓದುವ, ಬರೆಯುವ, ಆಡುವ ಸೀಮೆ. ಬಸವರಾಜ ಕಟ್ಟೀಮನಿ ಹುಟ್ಟಿದ್ದು ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ, ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮರು ಅದೇ ತಾಲ್ಲೂಕಿನ ಬೆಟಗೇರಿಯಲ್ಲಿ, ಚಂದ್ರಶೇಖರ ಕಂಬಾರರು ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ. ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟದ ರಂಗಕ್ಕೆ ತಂದ ತಮ್ಮಣ್ಣನ ಊರಾದ ಕುಲಗೋಡ ಈಗ ಮೂಡಲಗಿ ತಾಲ್ಲೂಕಿನಲ್ಲಿದೆ. ಹಾಗಾಗಿ ಇಲ್ಲಿನ ಆಕ್ಷೇಪಗಳು ಹೊರಗಿನಿಂದ ಎರವಲು ತಂದವಲ್ಲ. ನಮ್ಮದೇ ನೆಲದ ಆಧಾರ ಹಿಡಿದು ಬಂದವು. ಅವಕ್ಕೆ ಒಂದೊಂದಾಗಿ ಉತ್ತರ ಕೊಡಬೇಕಾದದ್ದು ನ್ಯಾಯ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಥೆಯನ್ನು ಕಥೆಯಾಗಿ ಓದಿ ಸಂತೋಷಪಡುವುದರಲ್ಲಿ ದೋಷವಿಲ್ಲ. ಬರೆದವರ ಅಪರಾಧವನ್ನು ಮುಚ್ಚಿಡುವ ಹಕ್ಕು ಯಾರಿಗೂ ಇಲ್ಲ. ನಡತೆಯ ಲೆಕ್ಕವನ್ನು ನ್ಯಾಯಾಲಯ ಕೇಳಲಿ. ಪ್ರಶಸ್ತಿ, ಪೀಠ, ಪ್ರತಿಮೆ, ಸಮ್ಮೇಳನದ ಅಧ್ಯಕ್ಷತೆ ಕೊಡುವವರು ಕೇಳಲಿ. ಕಾದಂಬರಿಯ ಪುಟದಿಂದ ಆ ಬಾಕಿ ವಸೂಲಿ ಮಾಡಲು ಹೊರಟರೆ ಸಾಹಿತ್ಯವೂ ಕೆಡುತ್ತದೆ, ನ್ಯಾಯವೂ ಸಿಗುವುದಿಲ್ಲ.

ಒಂದು: “ನಡಿ-ನುಡಿ ಒಂದ ಇರಬೇಕು ಅಂತ ಕಲಿಸಿದ ನಾಡು ಇದು. ನಡಿ ಕೆಟ್ಟಿದ್ರ ಆ ನುಡಿ ಸುಳ್ಳ ಅಲ್ಲೇನು?”

ಶರಣರ ಹೆಸರಿನಲ್ಲಿ ಬರುವ ಈ ಆಕ್ಷೇಪಕ್ಕೆ ತೂಕವಿದೆ. ಆದರೆ ಶರಣರು ಏನನ್ನು ಒತ್ತೆಯಿಟ್ಟು ಮಾತಾಡಿದರು ಎಂಬುದನ್ನು ನೋಡಬೇಕು. ವಚನಕಾರ ತನ್ನ ಅಂಕಿತವಿಟ್ಟು, ತನ್ನ ದೇವರ ಎದುರು, ತಾನೇ ನಿಂತು ನುಡಿಯುತ್ತಾನೆ. ಅವನ ಬದುಕೇ ಅವನ ಮಾತಿಗೆ ಸಾಕ್ಷಿ. ಆ ಸಾಕ್ಷಿ ಸುಳ್ಳಾದರೆ ಮಾತು ಉಳಿಯುವುದಿಲ್ಲ. ಆದ್ದರಿಂದ ವಚನಕಾರನ ನಡೆಯನ್ನು ಕೇಳುವುದು ಸರಿಯಾದ ಪ್ರಶ್ನೆ. ತಮ್ಮನ್ನು ಹಾಗೆ ಕೇಳಿರೆಂದು ಶರಣರೇ ಹೇಳಿಕೊಂಡರು.

ಕಾದಂಬರಿಕಾರ ಅಂಥ ವ್ರತ ತೊಟ್ಟವನಲ್ಲ. ಅವನ ಪುಟದಲ್ಲಿ ಕೊಲೆಗಾರ ಮಾತಾಡುತ್ತಾನೆ, ಕೊಲೆಯಾದವನ ತಾಯಿಯೂ ಮಾತಾಡುತ್ತಾಳೆ. ಕಂಬಾರರ ‘ಜೋಕುಮಾರಸ್ವಾಮಿ’ಯಲ್ಲಿ ದರ್ಪದ ಗೌಡನಿದ್ದಾನೆ, ಮಗುವಿಗಾಗಿ ಹಂಬಲಿಸುವ ಗೌಡತಿಯಿದ್ದಾಳೆ, ನೆಲ ತನ್ನದೆನ್ನುವ ಬಸಣ್ಣನಿದ್ದಾನೆ. 1972ರಿಂದ ಈವರೆಗೆ ಆ ನಾಟಕ ನೋಡಿದವರು ಗೌಡತಿಯ ಬಯಕೆಗೂ ಗೌಡನ ಕ್ರೌರ್ಯಕ್ಕೂ ಬರೆದವರಿಂದ ಸಮಜಾಯಿಷಿ ಕೇಳಿಲ್ಲ. ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ ಆಟವನ್ನು ನಮ್ಮ ಊರುಗಳಲ್ಲಿ ರಾತ್ರಿಯಿಡೀ ಆಡುತ್ತಾರೆ. ಹಾದರ, ನಂಬಿದ ಗೆಳೆಯನ ಮೋಸ, ಕೊಲೆ ಎಲ್ಲವೂ ಅದರಲ್ಲಿವೆ. ಜನ ಕಣ್ಣೀರಿಡುತ್ತಾರೆ. ಅದನ್ನು ಕಟ್ಟಿದವನ ನಡತೆ ತಿಳಿದ ಮೇಲೆಯೇ ಅಳುತ್ತೇವೆಂದು ಕೂತವರಿಲ್ಲ. ಕಥೆಗಾರನಿಂದ ನಾವು ಕೇಳಬೇಕಾದ ಪ್ರಾಮಾಣಿಕತೆ ಬೇರೆ ಬಗೆಯದು: ತನ್ನ ಪಾತ್ರಗಳಿಗೆ ಅವನು ಮೋಸ ಮಾಡಬಾರದು, ಬದುಕನ್ನು ಸುಳ್ಳು ಮಾಡಿ ತೋರಿಸಬಾರದು. ಆ ಪರೀಕ್ಷೆಯಲ್ಲಿ ಅವನನ್ನು ಎಷ್ಟು ಕಟುವಾಗಿ ಬೇಕಾದರೂ ನಿಲ್ಲಿಸಿ.

ಎರಡು: “ಕಟ್ಟೀಮನಿಯವರು ಸ್ವಾಮಿಗಳನ್ನ ಬಿಡಲಿಲ್ಲ. ಸಾಹಿತಿಗೆ ಮಾತ್ರ ರಿಯಾಯತಿ ಯಾಕ?”

ಇದು ನಮ್ಮ ಸೀಮೆಯವರೇ ಹಾಕಬಹುದಾದ ಪ್ರಶ್ನೆ. ಎಲ್ಲ ಆಕ್ಷೇಪಗಳಲ್ಲಿ ಇದೇ ಬಲವಾದದ್ದು. 1942ರ ಚಳವಳಿಯಲ್ಲಿ ಸೆರೆಮನೆ ಕಂಡ, ಪತ್ರಕರ್ತನಾಗಿ ದುಡಿದ, ಪ್ರಗತಿಶೀಲರ ಸಾಲಿನಲ್ಲಿ ನಿಂತು ಬರೆದ ಕಟ್ಟೀಮನಿಯವರು ‘ಜರತಾರಿ ಜಗದ್ಗುರು’ವಿನಂಥ ಕಾದಂಬರಿಯಲ್ಲಿ ಪೀಠದ ವೈಭವದ ಹಿಂದಿನ ಸುಳ್ಳನ್ನು ಬಯಲಿಗಿಟ್ಟರು. ಭಕ್ತಿಯ ಊರುಗಳಲ್ಲಿ ಹುಟ್ಟಿ ಬೆಳೆದವರು ಹಾಗೆ ಬರೆಯಲು ಎಂಥ ಎದೆ ಬೇಕೆಂದು ಇಲ್ಲಿಯವರಿಗೆ ಗೊತ್ತು.

ಆದರೆ ಅವರ ಸಿಟ್ಟು ಯಾರ ಮೇಲೆ, ಯಾಕೆ ಎಂದು ನಿಂತು ನೋಡೋಣ. ಮಠದ ಗುರು ತನ್ನ ನಡತೆಯ ಬಲದ ಮೇಲೆಯೇ ಅಧಿಕಾರ ಪಡೆಯುತ್ತಾನೆ. ನಾನು ಶುದ್ಧ, ಆದ್ದರಿಂದ ನನ್ನ ಕಾಲಿಗೆ ಬೀಳು, ಕಾಣಿಕೆ ಕೊಡು, ನಿನ್ನ ಮನೆಯ ಮದುವೆ ಮುಂಜಿಗೂ ನನ್ನ ಮಾತು ಕೇಳು ಎನ್ನುತ್ತಾನೆ. ಆ ಶುದ್ಧಿ ಸುಳ್ಳಾದಾಗ ಅಧಿಕಾರದ ಬುಡವೇ ಕುಸಿಯುತ್ತದೆ. ಅದನ್ನು ಪ್ರಶ್ನಿಸುವುದು ಬರಹಗಾರನ ಕರ್ತವ್ಯ. ಕಾದಂಬರಿಕಾರ ನಮ್ಮಿಂದ ಕೇಳುವುದು ಕೆಲವು ಗಂಟೆಗಳ ಗಮನ ಮಾತ್ರ. ಪುಸ್ತಕ ಮುಚ್ಚಿದ ಮೇಲೆ ನಮ್ಮ ಮೇಲೆ ಅವನಿಗೆ ಯಾವ ಅಧಿಕಾರವೂ ಇಲ್ಲ.

ಆದರೆ ಅದೇ ಕಾದಂಬರಿಕಾರ ವೇದಿಕೆ ಹತ್ತಿ ಪೇಟ ತೊಟ್ಟು ಕೂತಾಗ, ಪೀಠದ ಅಧ್ಯಕ್ಷನಾದಾಗ, ಯುವ ಬರಹಗಾರ್ತಿಯರ ಪ್ರಶಸ್ತಿಯನ್ನು ನಿರ್ಧರಿಸುವ ಸಮಿತಿಯಲ್ಲಿ ಕೂತಾಗ ಸ್ಥಿತಿ ಬದಲಾಗುತ್ತದೆ. ಈಗ ಅವನು ಗೌರವ ಕೇಳುತ್ತಿದ್ದಾನೆ, ಬೇರೆಯವರ ಬದುಕಿನ ಮೇಲೆ ಅಧಿಕಾರ ಪಡೆಯುತ್ತಿದ್ದಾನೆ. ಇಲ್ಲಿ ಕಟ್ಟೀಮನಿಯವರ ಅಳತೆಗೋಲು ಅವನಿಗೂ ಪೂರ್ತಿ ಅನ್ವಯಿಸುತ್ತದೆ. ಇಲ್ಲಿ ಯಾವ ರಿಯಾಯತಿಯನ್ನೂ ನಾನು ಕೇಳುವುದಿಲ್ಲ. ಮನ್ರೋ ಸುದ್ದಿ ಬಂದ ಮೇಲೆ ಅವರು ಓದಿದ ಕೆನಡಾದ ವೆಸ್ಟರ್ನ್ ವಿಶ್ವವಿದ್ಯಾಲಯ ಅವರ ಹೆಸರಿನ ಪೀಠವನ್ನು ತಡೆಹಿಡಿಯಿತು. ಸರಿಯಾಗಿಯೇ ಮಾಡಿತು. ಅದರಿಂದ ಅವರ ಕಥೆಗಳ ಒಂದು ವಾಕ್ಯವೂ ಬದಲಾಗಲಿಲ್ಲ. ಓದಿನ ಹಕ್ಕು ಮತ್ತು ಸನ್ಮಾನದ ಹಕ್ಕು ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಡ.

ಮೂರು: “ಬೇವಿನ ಗಿಡದಾಗ ಮಾವಿನಹಣ್ಣ ಬಿಡತಾವೇನು?”

ಕೆಟ್ಟ ಮನಸ್ಸಿನಿಂದ ಒಳ್ಳೆಯ ಕಥೆ ಬರಲಾರದು, ಬಂದಂತೆ ಕಂಡರೂ ಒಳಗೆ ವಿಷ ಇದ್ದೇ ಇರುತ್ತದೆ ಎನ್ನುವುದು ಈ ವಾದ. ಇದ್ದರೆ ತೋರಿಸಿ ಎಂದು ನಾನು ಕೇಳುತ್ತೇನೆ. ಯಾವ ಅಧ್ಯಾಯದಲ್ಲಿ ದೌರ್ಜನ್ಯವನ್ನು ಸಮರ್ಥಿಸಲಾಗಿದೆ, ಯಾವ ಪಾತ್ರವನ್ನು ತುಳಿಯಲಾಗಿದೆ ಎಂದು ಪುಟದ ಮೇಲೆ ಬೆರಳಿಟ್ಟು ತೋರಿಸಿ. ಅದಕ್ಕೆ ವಿಮರ್ಶೆ ಎನ್ನುತ್ತಾರೆ. ಅದು ಬೇಕೇಬೇಕು. ಪುಸ್ತಕ ತೆರೆಯದೆ ಲೇಖಕನ ಕುಂಡಲಿ ನೋಡಿ ಹೇಳುವ ತೀರ್ಪು ವಿಮರ್ಶೆಯಾಗಲಾರದು.

ನಾರ್ವೆಯ ಕ್ನುಟ್ ಹಾಮ್ಸುನ್ 1890ರಲ್ಲಿ ‘ಹಂಗರ್’ ಬರೆದ. ಹೊಟ್ಟೆಗಿಲ್ಲದೆ ಊರು ಅಲೆಯುವ ಒಬ್ಬ ಯುವ ಬರಹಗಾರನ ಕಥೆ ಅದು. 1920ರಲ್ಲಿ ಅವನಿಗೆ ನೊಬೆಲ್ ಬಂತು. 1943ರಲ್ಲಿ ಆ ಪದಕವನ್ನು ಹಿಟ್ಲರನ ಮಂತ್ರಿ ಗೊಬೆಲ್ಸ್‌ಗೆ ಉಡುಗೊರೆಯಾಗಿ ಕೊಟ್ಟ. ಹಿಟ್ಲರ್ ಸತ್ತಾಗ ಅವನನ್ನು ಹೊಗಳಿ ಪತ್ರಿಕೆಯಲ್ಲಿ ಬರೆದ. ತನ್ನ ದೇಶವನ್ನು ನಾತ್ಸಿಗಳು ಆಕ್ರಮಿಸಿದ್ದ ಕಾಲದಲ್ಲಿ ಅವನು ಹೀಗೆ ನಡೆದುಕೊಂಡ. ಯುದ್ಧ ಮುಗಿದ ಮೇಲೆ ನಾರ್ವೆಯ ನ್ಯಾಯಾಲಯ ಅವನಿಗೆ ಭಾರಿ ದಂಡ ವಿಧಿಸಿತು. ಮನುಷ್ಯ ಕಾನೂನಿಗೆ ಉತ್ತರ ಕೊಟ್ಟ. ಆ ಪದಕ ಕೊಡುವುದಕ್ಕಿಂತ ಐವತ್ತಮೂರು ವರ್ಷ ಮೊದಲು ಬರೆದ ಕಾದಂಬರಿಯ ಹಸಿವು ಮಾತ್ರ ಅವನ ಮುದಿತನದ ದ್ರೋಹದಿಂದ ಸುಳ್ಳಾಗಲಿಲ್ಲ. ಹಸಿದವನು ಇಂದಿಗೂ ಅದರಲ್ಲಿ ತನ್ನನ್ನು ಕಾಣುತ್ತಾನೆ.

ನಮ್ಮ ಕಾವ್ಯಮೀಮಾಂಸೆಯೂ ಇದನ್ನೇ ಹೇಳುತ್ತದೆ. ತೀ.ನಂ.ಶ್ರೀ. ಅವರ ‘ಭಾರತೀಯ ಕಾವ್ಯಮೀಮಾಂಸೆ’ 1953ರಲ್ಲಿ ಬಂದಂದಿನಿಂದ ಕನ್ನಡ ಎಂ.ಎ. ಓದಿದವರೆಲ್ಲ ಸಾಧಾರಣೀಕರಣದ ತತ್ವವನ್ನು ಕಲಿತಿದ್ದಾರೆ. ರಸಾನುಭವದ ಹೊತ್ತಿನಲ್ಲಿ ಇದು ನನ್ನದು, ಇದು ಅವನದು, ಇದು ಶತ್ರುವಿನದು ಎಂಬ ಗಡಿಗಳು ಕರಗುತ್ತವೆ. ಕಥೆಯ ದುಃಖ ಬರೆದವನ ಸ್ವತ್ತಾಗಿ ಉಳಿಯುವುದಿಲ್ಲ. ಸಹೃದಯನ ಎದೆಯಲ್ಲಿ ಅದು ಎಲ್ಲರದೂ ಆಗುತ್ತದೆ. ಹೀಗೆ ಎಲ್ಲರದಾದದ್ದನ್ನು ಮತ್ತೆ ಒಬ್ಬನ ಅಪರಾಧದ ಖಾತೆಗೆ ಬರೆಯುವುದು ಓದುಗನಿಗೆ ಮಾಡುವ ಅನ್ಯಾಯ.

ನಾಲ್ಕು: “ಅವರ ಕಥಿ ಓದಿ ನೀವು ಖುಷಿಪಟ್ರ, ನೊಂದಾಕಿಗೆ ಏನ ಅನಸಬ್ಯಾಡ?”

ಈ ಪ್ರಶ್ನೆಯ ಹಿಂದಿರುವ ಕರುಣೆಗೆ ನಾನು ತಲೆಬಾಗುತ್ತೇನೆ. ಆದ್ದರಿಂದಲೇ ನೊಂದವರು ಸ್ವತಃ ಏನು ಕೇಳಿದರು ಎಂಬುದನ್ನು ಮೊದಲು ಕೇಳಿಸಿಕೊಳ್ಳೋಣ. ತಾಯಿಯ ಪುಸ್ತಕಗಳನ್ನು ಸುಡಿರೆಂದು ಆಂಡ್ರಿಯಾ ತಮ್ಮ ಬರಹದಲ್ಲಿ ಕೇಳಲಿಲ್ಲ. ತಾಯಿಯ ಬಗ್ಗೆ ಲೋಕ ಹೇಳುವ ಕಥೆಯಲ್ಲಿ ತನ್ನ ಕಥೆಯೂ ಸೇರಬೇಕು, ತನಗಾದದ್ದನ್ನು ಬಿಟ್ಟು ಇನ್ನು ಯಾವ ಸಂದರ್ಶನವೂ ಜೀವನಚರಿತ್ರೆಯೂ ಬರಬಾರದು ಎಂದರು. ಅವರ ಮೇಲೆ ಎರಡನೆಯ ಬಾರಿ ಗಾಯ ಮಾಡಿದ್ದು ಮೌನ. ಮನ್ರೋ ಅವರ ಜೀವನಚರಿತ್ರೆ ಬರೆದವರಿಗೆ ಈ ಸಂಗತಿ ತಿಳಿದಿತ್ತು. ಪುಸ್ತಕದಲ್ಲಿ ಅದು ಬರಲಿಲ್ಲ. ಅವಮಾನ ನಡೆದದ್ದು ಅಲ್ಲಿ.

ಮನ್ರೋ ಅವರ ‘ವ್ಯಾಂಡಲ್ಸ್’ ಎಂಬ ಕಥೆ 1994ರ ಸಂಕಲನದಲ್ಲಿದೆ. ಮಕ್ಕಳ ಮೇಲೆ ಕೈಮಾಡುವ ಗಂಡಸೊಬ್ಬ, ಅದನ್ನು ಕಾಣದಂತೆ ಇದ್ದುಬಿಡುವ ಅವನ ಸಂಗಾತಿ, ಬೆಳೆದ ಮೇಲೆ ಆ ಮನೆಗೆ ಬಂದು ಕೈಗೆ ಸಿಕ್ಕಿದ್ದನ್ನೆಲ್ಲ ಒಡೆದು ಹಾಕುವ ಹುಡುಗಿ. ಮಗಳ ಪತ್ರ ತಲುಪಿದ ಮೇಲೆ ಪ್ರಕಟವಾದ ಕಥೆ ಅದು. ಇಂದು ಅದನ್ನು ಓದಿದರೆ, ಕಣ್ಣು ಮುಚ್ಚಿಕೊಂಡ ತಾಯಂದಿರ ಬಗ್ಗೆ ಯಾವ ವರದಿಯೂ ಹೇಳಲಾರದ ಸತ್ಯ ತಿಳಿಯುತ್ತದೆ. ಆ ಪುಸ್ತಕವನ್ನು ಕಪಾಟಿನಿಂದ ತೆಗೆದರೆ ನೊಂದ ಹುಡುಗಿಯ ಪರವಾಗಿ ಇರುವ ಒಂದು ದೊಡ್ಡ ಸಾಕ್ಷಿಯನ್ನೇ ತೆಗೆದಂತೆ.

ಕಥೆಗಾರನಲ್ಲದಿದ್ದರೂ ಚಿಲಿಯ ಕವಿ ಪಾಬ್ಲೊ ನೆರೂಡನ ಪ್ರಸಂಗ ಇದಕ್ಕಿಂತ ಮುಂದೆ ಹೋಗುತ್ತದೆ. 1974ರಲ್ಲಿ ಬಂದ ಆತ್ಮಕಥೆಯಲ್ಲಿ ಅವನೇ ಒಪ್ಪಿಕೊಂಡಿದ್ದಾನೆ: ಸಿಲೋನಿನಲ್ಲಿ ತನ್ನ ದೇಶದ ಕಾನ್ಸಲ್ ಆಗಿದ್ದಾಗ, ತನ್ನ ಮನೆಯ ಮಲ ಹೊರಲು ಬರುತ್ತಿದ್ದ ತಮಿಳು ದಲಿತ ಹೆಣ್ಣಿನ ಮೇಲೆ ಬಲಾತ್ಕಾರ ಮಾಡಿದೆ ಎಂದು. ಅವಳ ಹೆಸರು ಯಾವ ದಾಖಲೆಯಲ್ಲೂ ಉಳಿದಿಲ್ಲ. ಅವಳಿಗಾದ ಅನ್ಯಾಯ ಜಗತ್ತಿಗೆ ಗೊತ್ತಾದದ್ದು ಆ ಒಂದು ಪುಟದಿಂದ. ನೆರೂಡನನ್ನು ಓದಬೇಡಿರೆಂದು ಕಟ್ಟಳೆ ಮಾಡಿದರೆ ಅವನ ಜೊತೆಗೆ ಅವಳೂ ಅಳಿಸಿಹೋಗುತ್ತಾಳೆ. 2018ರಲ್ಲಿ ಸಾಂತಿಯಾಗೊ ವಿಮಾನ ನಿಲ್ದಾಣಕ್ಕೆ ನೆರೂಡನ ಹೆಸರಿಡುವ ಪ್ರಸ್ತಾಪ ಬಂದಾಗ ಚಿಲಿಯ ಹೆಣ್ಣುಮಕ್ಕಳು ದನಿಯೆತ್ತಿ ವಿರೋಧಿಸಿದರು. ಹೆಸರು ಬದಲಾಗಲಿಲ್ಲ. ಅವರು ಹೋರಾಡಿದ್ದು ಸರಿಯಾದ ಜಾಗದಲ್ಲಿ. ದೇಶದ ಹೆಬ್ಬಾಗಿಲಿಗೆ ಯಾರ ಹೆಸರು ಎಂಬುದು ಗೌರವದ ಪ್ರಶ್ನೆ.

ಐದು: “ಪುಸ್ತಕ ತಗೊಂಡ್ರ ರೊಕ್ಕ ಯಾರ ಕಿಸೆಕ್ಕ ಹೋಗತೈತಿ?”

ಬದುಕಿರುವ ಲೇಖಕರ ಮಟ್ಟಿಗೆ ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಅಪರಾಧ ಮಾಡಿ ಪಶ್ಚಾತ್ತಾಪವಿಲ್ಲದೆ ಮೆರೆಯುವವರ ಪುಸ್ತಕಕ್ಕೆ ನನ್ನ ದುಡ್ಡು ಕೊಡಲಾರೆ ಎಂದು ಯಾರಾದರೂ ನಿರ್ಧರಿಸಿದರೆ ಅದು ಅವರ ಆತ್ಮಸಾಕ್ಷಿಯ ಮಾತು. ನಾನು ಅದನ್ನು ಗೌರವಿಸುತ್ತೇನೆ. ಅವರೂ ಗ್ರಂಥಾಲಯದಿಂದ ತಂದು ಓದಬಹುದು. ಸರ್ಕಾರಿ ಹಣದಲ್ಲಿ ನಡೆಯುವ ಸಗಟು ಖರೀದಿ, ನಗದು ಬಹುಮಾನ, ಅತಿಥಿ ಉಪನ್ಯಾಸ ಇವುಗಳಲ್ಲಂತೂ ಪ್ರಶ್ನೆ ಎತ್ತಲೇಬೇಕು. ಅದು ಸಾರ್ವಜನಿಕರ ದುಡ್ಡು.

ಆದರೆ ತನ್ನ ನಿರ್ಧಾರವನ್ನು ಊರಿನ ಕಪಾಟಿನ ಮೇಲೆ ಹೇರುವುದು ಬೇರೆಯೇ ಕೆಲಸ. ನಮ್ಮ ಹಳ್ಳಿಗಳ ಗ್ರಂಥಾಲಯಗಳಾದ ಅರಿವು ಕೇಂದ್ರಗಳಲ್ಲಿ ಇರುವುದೇ ಕೆಲವು ಕಪಾಟು. ದುಡ್ಡು ಕೊಟ್ಟು ಕೊಳ್ಳಲಾಗದ ಹುಡುಗ ಹುಡುಗಿಯರು ಅಲ್ಲಿಗೆ ಬರುತ್ತಾರೆ. ಅಲ್ಲಿಂದ ಪುಸ್ತಕ ತೆಗೆದರೆ ಲೇಖಕನಿಗೆ ಒಂದು ರೂಪಾಯಿಯೂ ನಷ್ಟವಿಲ್ಲ. ನಷ್ಟವಾಗುವುದು ಆ ಮಕ್ಕಳಿಗೆ. ಇನ್ನು ಸತ್ತವರ ಮಾತು. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಲೇಖಕನ ಮರಣದ ನಂತರ 60 ವರ್ಷ ಇರುತ್ತದೆ. ಆ ಹಣ ವಾರಸುದಾರರಿಗೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಆ ವಾರಸುದಾರರೇ ಅವನಿಂದ ನೊಂದವರಾಗಿರುತ್ತಾರೆ.

ಆರು: “ಹಂಗಾದ್ರ ನಡತಿಗೆ ಬೆಲೀನ ಇಲ್ಲೇನು?”

ನಡತೆಗೆ ಬೆಲೆಯಿದೆ. ಆದ್ದರಿಂದಲೇ ನಡತೆ ಎಂದರೆ ಏನು, ಅದನ್ನು ಅಳೆಯುವವರು ಯಾರು ಎಂದು ಕೇಳಬೇಕಾಗುತ್ತದೆ. ಕೌಜಲಗಿ ನಿಂಗಮ್ಮನಂಥ ಕಲಾವಿದೆ ಪಾರಿಜಾತದ ಮೇಳ ಕಟ್ಟಿ ಊರೂರು ಆಡಿದ ಕಾಲವನ್ನು ನೆನೆಯಿರಿ. ಹೆಣ್ಣು ರಂಗದ ಮೇಲೆ ಬಂದರೆ ಸಾಕು, ಅವಳ ನಡತೆಯ ಬಗ್ಗೆ ಊರು ಮಾತಾಡುತ್ತಿದ್ದ ಕಾಲ ಅದು. ರಾತ್ರಿ ಅವರ ಹಾಡಿಗೆ ತಲೆದೂಗಿದವರೇ ಬೆಳಗಾದರೆ ಅಂಥವರನ್ನು ಮನೆಯೊಳಗೆ ಕರೆಯಲು ಹಿಂಜರಿಯುತ್ತಿದ್ದರು. ಅ.ನ.ಕೃ. ಅವರ ‘ನಗ್ನಸತ್ಯ’, ‘ಶನಿ ಸಂತಾನ’, ‘ಸಂಜೆಗತ್ತಲು’ ವೇಶ್ಯೆಯರ ಬದುಕನ್ನು ಬರೆದವೆಂಬ ಕಾರಣಕ್ಕೆ ಅಶ್ಲೀಲ ಎನಿಸಿಕೊಂಡವು. ಅದಕ್ಕೆ ಉತ್ತರವಾಗಿ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆಯಬೇಕಾಯಿತು. ನಡತೆಯ ಅಳತೆಗೋಲು ನಮ್ಮಲ್ಲಿ ಹೆಚ್ಚಾಗಿ ಬಿದ್ದದ್ದು ಹೆಣ್ಣಿನ ಮೇಲೆ, ಕೆಳಜಾತಿಯವರ ಮೇಲೆ, ಕಟ್ಟುಕಟ್ಟಳೆ ಮೀರಿದವರ ಮೇಲೆ. ಬಲವಂತರ ಮನೆಯ ದೌರ್ಜನ್ಯಕ್ಕೆ ಅದು ಮೌನವಾಗಿರುತ್ತಿತ್ತು.

ಈಗ ಪ್ರಶ್ನೆ ಕೇಳುತ್ತಿರುವವರು ಆ ಹಳೆಯ ಊರಿನವರಲ್ಲ, ನೊಂದ ಹೆಣ್ಣುಮಕ್ಕಳೇ ಕೇಳುತ್ತಿದ್ದಾರೆ ಎಂದು ನನ್ನ ಎದುರಾಳಿಗಳು ಹೇಳಬಹುದು. ಒಪ್ಪುತ್ತೇನೆ. ಅದು ಒಳ್ಳೆಯ ಬದಲಾವಣೆ. ಹಾಗಾದರೆ ಒಂದು ಗೆರೆ ಎಳೆಯೋಣ. ಇನ್ನೊಬ್ಬರ ದೇಹಕ್ಕೆ, ಬದುಕಿಗೆ ಮಾಡಿದ ಹಾನಿ ಒಂದು ಕಡೆ. ಸಮಾಜಕ್ಕೆ ಹಿಡಿಸದ ಪ್ರೀತಿ, ಉಡುಗೆ, ಕುಡಿತ, ಮದುವೆ, ಅಭಿಪ್ರಾಯ ಇನ್ನೊಂದು ಕಡೆ. ಮೊದಲನೆಯದಕ್ಕೆ ಲೇಖಕ ಉತ್ತರ ಕೊಡಲೇಬೇಕು. ಎರಡನೆಯದು ಯಾರೂ ವಿಚಾರಣೆ ಮಾಡುವ ವಿಷಯವಲ್ಲ. ಈ ಗೆರೆ ಅಳಿಸಿದರೆ ಏನಾಗುತ್ತದೆಂದು ಕನ್ನಡಿಗರು ಕಂಡಿದ್ದಾರೆ. 2014ರ ಆಗಸ್ಟ್‌ನಲ್ಲಿ ಯು.ಆರ್. ಅನಂತಮೂರ್ತಿ ತೀರಿಕೊಂಡಾಗ ಅವರ ರಾಜಕೀಯ ಮಾತಿಗೆ ಸಿಟ್ಟಾದ ಕೆಲವರು ಪಟಾಕಿ ಹೊಡೆದರು. 2007ರಲ್ಲಿ ‘ಆವರಣ’ ಬಂದ ಮೇಲೆ ಎಸ್.ಎಲ್. ಭೈರಪ್ಪನವರ ‘ಪರ್ವ’, ‘ಗೃಹಭಂಗ’ಗಳನ್ನೂ ಮುಟ್ಟೆವೆಂದವರು ಇದ್ದರು. ಇಬ್ಬರ ವಿಚಾರವನ್ನೂ ಖಂಡಿಸುವ ಹಕ್ಕು ಎಲ್ಲರಿಗಿದೆ. ಆದರೆ ‘ಗೃಹಭಂಗ’ದ ನಂಜಮ್ಮನ ದುಃಖವನ್ನೂ ಅನಂತಮೂರ್ತಿಯವರ ‘ಸಂಸ್ಕಾರ’ದ ಪ್ರಾಣೇಶಾಚಾರ್ಯರ ತಳಮಳವನ್ನೂ ಕಳೆದುಕೊಂಡ ಓದುಗ ಯಾರನ್ನು ಶಿಕ್ಷಿಸಿದಂತಾಯಿತು? ತನ್ನನ್ನೇ.

ಏಳು: ನನ್ನ ಪಕ್ಷದವರಿಗೂ ಒಂದು ಮಾತು

ಕೃತಿ ಮುಖ್ಯ, ಕರ್ತೃವಿನ ಬದುಕು ನಮಗ್ಯಾಕೆ ಎನ್ನುವವರು ನನ್ನನ್ನು ತಮ್ಮವನೆಂದು ಎಣಿಸಬಾರದು. ಕಥೆಗಾರ ದೊಡ್ಡವನು, ದೊಡ್ಡವರಲ್ಲಿ ಇಂಥ ದೋಷ ಇರುವುದೇ, ಆ ಹೆಣ್ಣುಮಗಳು ಯಾಕೆ ಈಗ ಬಾಯಿಬಿಟ್ಟಳು ಎಂಬ ಮಾತುಗಳನ್ನು ನಾನು ಕೇಳಿದ್ದೇನೆ. ಅವು ಸಾಹಿತ್ಯಪ್ರೀತಿಯ ಮಾತುಗಳಲ್ಲ. ಅಪರಾಧಿಗೆ ಮರೆ ಕಟ್ಟುವ ಮಾತುಗಳು. ಪ್ರತಿಭೆ ಯಾರಿಗೂ ಜಾಮೀನು ಕೊಡುವುದಿಲ್ಲ. ಕಥೆ ಚೆನ್ನಾಗಿದೆ ಎಂಬುದು ದೂರನ್ನು ತಳ್ಳಿಹಾಕಲು ಕಾರಣವಾಗದು. ದೂರು ನಿಜ ಎಂಬುದು ಕಥೆಯನ್ನು ತಳ್ಳಿಹಾಕಲು ಕಾರಣವಾಗದು.

ಹಾಗಾದರೆ ನಾವು ಮಾಡಬೇಕಾದದ್ದೇನು? ನಮ್ಮ ಗ್ರಂಥಾಲಯಗಳು ಪುಸ್ತಕಗಳನ್ನು ಉಳಿಸಿಕೊಳ್ಳಲಿ. ಶಾಲೆ ಕಾಲೇಜುಗಳಲ್ಲಿ ಪಾಠ ಮಾಡುವವರು ಲೇಖಕರ ಪರಿಚಯ ಹೇಳುವಾಗ ಪ್ರಶಸ್ತಿಗಳ ಪಟ್ಟಿಯ ಜೊತೆ ಸಾಬೀತಾದ ತಪ್ಪುಗಳನ್ನೂ ಹೇಳಲಿ. ವಯಸ್ಸಿಗೆ ತಕ್ಕ ಮಾತಿನಲ್ಲಿ, ಮುಚ್ಚುಮರೆಯಿಲ್ಲದೆ ಹೇಳಲಿ. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳು, ಪ್ರತಿಷ್ಠಾನಗಳು, ಓದುಗರ ಬಳಗಗಳು ಸನ್ಮಾನದ ಶಾಲು ಹೊದಿಸುವ ಮೊದಲು ನೊಂದವರು ಯಾರಾದರೂ ಇದ್ದಾರೆಯೇ ಎಂದು ಕೇಳಿ ತಿಳಿಯಲಿ. ಇದ್ದರೆ ಆ ಶಾಲನ್ನು ಮಡಿಸಿಡಲಿ. ದೂರು ಕೊಟ್ಟ ಹೆಣ್ಣುಮಗಳ ಜೊತೆ ನಿಲ್ಲಲಿ. ಓದುಗರು ತಮಗೆ ಬೇಕಾದ ಕಥೆಯನ್ನು ತಲೆಯೆತ್ತಿ ಓದಲಿ, ಬೇಡವಾದದ್ದನ್ನು ಬಿಡಲಿ.

ಕಥೆಯನ್ನು ಪ್ರೀತಿಸಿದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ. ಅದನ್ನು ಬರೆದವರ ಅಪರಾಧಕ್ಕೆ ನಾನು ಯಾವ ಕ್ಷಮೆಯನ್ನೂ ಕೊಡಬೇಕಾಗಿಲ್ಲ. ಈ ಎರಡನ್ನೂ ಒಟ್ಟಿಗೆ ಹೇಳುವ ಧೈರ್ಯ ನಮ್ಮ ಓದುಗರಿಗಿದೆ ಎಂದು ನಾನು ನಂಬಿದ್ದೇನೆ. ಮಠದ ಎದುರು ನಿಂತು ಕಾದಂಬರಿ ಬರೆದವರನ್ನು ಹೆತ್ತ ಸೀಮೆಗೆ ಅದು ಕಷ್ಟವಾಗಬಾರದು.